ಕೌದಿಯ ಕಲೆ



ಇಂದಿನ ನನ್ನ ಭಾಷಣದ ವಿಷಯ ಕೌದಿ. ಹೆಸರನ್ನು ಕೇಳಿದೊಡನೆ ನಿಮ್ಮಲ್ಲಿ ಕೆಲವರಿಗೆ ನಗು ಬಂದಿದ್ದರೆ ಆಶ್ಚರ್ಯವಿಲ್ಲ. ಹಳೆಯ ಸೀರೆ, ಹರಿದ ಧೋತರ, ಮಕ್ಕಳ ಅಂಗಿಯ ತುಂಡು ಇವನ್ನು ಒಂದರ ಮೇಲೊಂದು ಹಾಸಿ ಹೊಲಿದ ಹೊದಿಕೆಯ ವಿಚಾರವಾಗಿ ವಿದ್ಯಾವಂತರ ಮುಂದೆ ಹೇಳತಕ್ಕದ್ದು ಏನಿದೆ ಎಂದು ನೀವು ಕೇಳಬಹುದು. ನಾವು ಓದಿದವರು ಅದನ್ನು ಬಡತನದ ಗುರುತೆಂದು ಕಂಡಿದ್ದೇವೆ. ಹೆಚ್ಚೆಂದರೆ ಮಿತವ್ಯಯದ ಒಂದು ಪಾಠವೆಂದು ಹೊಗಳಿದ್ದೇವೆ. ಅದು ಒಂದು ಕಲೆ, ಅದರಲ್ಲಿ ಮೊದಲಿನಿಂದ ಕೊನೆಯವರೆಗೂ ಬುದ್ಧಿಪೂರ್ವಕವಾದ ರಚನೆಯಿದೆ, ಎಂಬುದನ್ನು ನಿಮ್ಮ ಮುಂದಿಡುವುದೇ ಇಂದು ನನ್ನ ಉದ್ದೇಶ.

ಇದಕ್ಕೆ ನಾನು ಬೀದರ ಸೀಮೆಯನ್ನು ಆರಿಸಿಕೊಂಡಿದ್ದೇನೆ. ಬೀದರ ನಗರ, ಅದರ ಮಗ್ಗುಲಿನ ಕೊಳಾರ, ಆಚೆಗೆ ಭಾಲ್ಕಿ, ಔರಾದ ಈ ಕಡೆಗಳಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕು ಭಾಷೆಗಳೂ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಕನ್ನಡದವರು ಕೌದಿ ಎಂದದ್ದನ್ನು ಮರಾಠಿಯವರು ಗೋಧಡಿ ಎನ್ನುತ್ತಾರೆ. ತೆಲುಗಿನವರಿಗೆ ಅದು ಬೊಂತ. ಉರ್ದು ಆಡುವವರಿಗೆ ಗುದಡಿ. ಹೆಸರು ನಾಲ್ಕು, ವಸ್ತು ಒಂದೇ. ಎತ್ತರದ ಪ್ರಸ್ಥಭೂಮಿಯ ಮೇಲಿರುವ ಈ ನಾಡಿನಲ್ಲಿ ಮಾರ್ಗಶಿರ ಪುಷ್ಯಗಳ ಚಳಿ ಸಾಮಾನ್ಯವಾದದ್ದಲ್ಲ. ಆ ಚಳಿಗೆ ಭಾಷೆಯ ಭೇದ ತಿಳಿಯದು.

ಬೀದರವನ್ನು ಆರಿಸಿಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಉಂಟು. ಆ ಊರಿನ ಪ್ರಸಿದ್ಧವಾದ ಕಲೆಗಳೆಲ್ಲ ಚೂರುಗಳನ್ನು ಕೂಡಿಸುವ ಕಲೆಗಳು. 1472ರಲ್ಲಿ ಮಹಮೂದ ಗವಾನನು ಕಟ್ಟಿಸಿದ ಮದರಸದ ಗೋಡೆಯನ್ನು ನೋಡಿದವರಿಗೆ ಇದು ಗೊತ್ತು. ನೀಲಿ, ಹಸುರು, ಬಿಳುಪುಗಳ ಮೆರುಗುಬಿಲ್ಲೆಗಳನ್ನು ಜೋಡಿಸಿ ಅಲ್ಲಿ ಬಳ್ಳಿಯನ್ನೂ ಹೂವನ್ನೂ ಅಕ್ಷರಗಳನ್ನೂ ಮೂಡಿಸಿದ್ದರು. 1696ರ ಸ್ಫೋಟದಲ್ಲಿ ಆ ಕಟ್ಟಡದ ಒಂದು ಭಾಗ ಹಾರಿಹೋಯಿತು. ಉಳಿದ ಭಾಗದಲ್ಲಿ ಇಂದಿಗೂ ಆ ಬಣ್ಣಗಳು ಅಲ್ಲಲ್ಲಿ ಹೊಳೆಯುತ್ತವೆ. ಕೋಟೆಯೊಳಗಿನ ರಂಗೀನ ಮಹಲಿನಲ್ಲಿ ಕರಿಯ ಕಲ್ಲಿನ ಮೇಲೆ ಮುತ್ತಿನ ಚಿಪ್ಪಿನ ಚೂರುಗಳನ್ನು ಕೂರಿಸಿದ್ದಾರೆ. ಬಿದರಿ ಪಾತ್ರೆಯನ್ನು ಕೇಳುವುದೇ ಬೇಡ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಅದರಲ್ಲಿ ಗೆರೆ ಕೊರೆದು, ಬೆಳ್ಳಿಯ ತಂತಿಯನ್ನೂ ತಗಡನ್ನೂ ಬಡಿದು ಕೂರಿಸಿ, ಕಡೆಗೆ ಹಳೆಯ ಕೋಟೆಯ ಮಣ್ಣು ನವಸಾಗರಗಳಿಂದ ಕಪ್ಪು ಮಾಡುತ್ತಾರೆ. ಕಪ್ಪು ನೆಲದ ಮೇಲೆ ಬೆಳ್ಳಿಯ ಚಿತ್ರ ಎದ್ದು ನಿಲ್ಲುತ್ತದೆ. ಈ ಕಲೆಗೆ ಸುಲ್ತಾನರ ಆಶ್ರಯ ದೊರೆಯಿತು. ನಮ್ಮ ಕಾಲದಲ್ಲಿ ಕಾನೂನಿನ ರಕ್ಷಣೆ ದೊರೆತಿದೆ. 2023ರಲ್ಲಿ ಬೀದರದ ಶಾ ರಶೀದ ಅಹಮದ ಖಾದ್ರಿಯವರಿಗೆ ಪದ್ಮಶ್ರೀಯೂ ಬಂದಿತು. ಇದೆಲ್ಲ ಸಂತೋಷದ ವಿಷಯವೇ.

ಅದೇ ಊರಿನ ಹಟ್ಟಿ ಅಂಗಳಗಳಲ್ಲಿ, ಸುಗ್ಗಿ ಮುಗಿದು ಮಳೆ ಇನ್ನೂ ಬಾರದ ದಿನಗಳಲ್ಲಿ, ಹೆಂಗಸರು ಅದೇ ತತ್ತ್ವದಿಂದ ಇನ್ನೊಂದು ಕೆಲಸ ಮಾಡುತ್ತ ಬಂದಿದ್ದಾರೆ. ಅಲ್ಲಿಯೂ ಒಂದು ನೆಲವುಂಟು, ಅದರ ಮೇಲೆ ಕೂರಿಸಿದ ಚೂರುಗಳುಂಟು. ಆದರೆ ಬೆಳ್ಳಿಯ ಬದಲು ಅರಿವೆ, ಬೆಲೆಯಿಲ್ಲದ ವಸ್ತು. ಬೆಲೆಯಿಲ್ಲದ ವಸ್ತುವಿನಿಂದ ಆದದ್ದು ಕಲೆಯಾಗಲಾರದೆಂದು ನಾವು ತಿಳಿದುಕೊಂಡದ್ದರಿಂದ ಕೌದಿಗೆ ಆ ಪಂಕ್ತಿಯಲ್ಲಿ ಎಡೆ ದೊರೆಯಲಿಲ್ಲ.

ಕೌದಿ ಹುಟ್ಟುವ ಕ್ರಮವನ್ನು ಈಗ ಸ್ವಲ್ಪ ವಿವರವಾಗಿ ನೋಡೋಣ. ಮೊದಲ ಕೆಲಸ ಗಂಟು ಬಿಚ್ಚಿ ಅರಿವೆಗಳನ್ನು ಬೇರ್ಪಡಿಸುವುದು. ಸೀರೆ ಎಲ್ಲ ಕಡೆಯೂ ಒಂದೇ ಸಮನಾಗಿ ಸವೆಯುವುದಿಲ್ಲ. ಕೂತು ಎದ್ದು ಮಾಡುವ ಕಡೆ ನೂಲು ತೆಳುವಾಗುತ್ತದೆ. ಅಂಚು ಸೆರಗುಗಳು ಗಟ್ಟಿಯಾಗಿ ಉಳಿಯುತ್ತವೆ. ತೆಳುವಾದದ್ದು ಒಳಪದರಕ್ಕೆ; ಅಗಲವಾಗಿ ಉಳಿದದ್ದು ತಳಕ್ಕೆ; ಅಂಚು, ಸೆರಗು, ಕುಪ್ಪಸದ ಖಣ, ಅಂಗಿಯ ಬೆನ್ನು ಮೊದಲಾದವು ಮೇಲ್ಮೈಗೆ. ಮನೆಯ ಹಿರಿಯರ ಬಿಳಿಯ ಧೋತರ ಬಹು ತೊಳೆತಗಳಿಂದ ಹೂವಿನಷ್ಟು ಮೆತ್ತಗಾಗಿರುತ್ತದೆ. ತೊಟ್ಟಿಲಿಗೆ ಹಾಸುವ ಚಿಕ್ಕ ಕೌದಿಗೆ ಅದಕ್ಕಿಂತ ಒಳ್ಳೆಯ ಬಟ್ಟೆ ಯಾವ ಅಂಗಡಿಯಲ್ಲಿಯೂ ಸಿಕ್ಕದು.

ಬಳಿಕ ಸಾರಿಸಿದ ನೆಲದ ಮೇಲೆ ತಳದ ಬಟ್ಟೆಯನ್ನು ಸುಕ್ಕಿಲ್ಲದಂತೆ ಹರಡಿ, ಮೂಲೆಗಳಿಗೆ ಕಲ್ಲಿನ ಭಾರವಿಟ್ಟು, ಅದರ ಮೇಲೆ ಪದರಗಳನ್ನು ಹಾಸಿ, ಉದ್ದುದ್ದದ ಹೊಲಿಗೆಗಳಿಂದ ತಾತ್ಕಾಲಿಕವಾಗಿ ಹಿಡಿದು ನಿಲ್ಲಿಸುತ್ತಾರೆ. ನಿಜವಾದ ಹೊಲಿಗೆ ಅಂಚಿನಿಂದ ಆರಂಭವಾಗುತ್ತದೆ. ಸೂಜಿ ಮೇಲೆ ಕೆಳಗೆ ಹಾಯುತ್ತ ನಾಲ್ಕು ಬದಿಯನ್ನೂ ಸುತ್ತಿ ಬರುತ್ತದೆ. ಆ ಸಾಲಿನ ಒಳಗೆ ಇನ್ನೊಂದು ಸಾಲು, ಅದರ ಒಳಗೆ ಮತ್ತೊಂದು. ಸಾಲುಗಳು ಒಳಗೊಳಗೆ ಸರಿದಂತೆ ತೇಪೆಗಳೂ ಒಂದೊಂದಾಗಿ ಬಂದು ಕೂಡುತ್ತವೆ. ಪಾಶ್ಚಾತ್ಯರ ಪದ್ಧತಿಯಲ್ಲಿ ಮೇಲ್ಮೈಯನ್ನು ಮೊದಲೇ ಪೂರ್ತಿಯಾಗಿ ಜೋಡಿಸಿಕೊಂಡು, ಆಮೇಲೆ ಪದರಗಳ ಮೇಲಿಟ್ಟು ಹೊಲಿಯುವುದು ಸಾಮಾನ್ಯ. ನಮ್ಮಲ್ಲಿ ರಚನೆಯೂ ಹೊಲಿಗೆಯೂ ಒಟ್ಟಿಗೇ ನಡೆಯುತ್ತವೆ.

ಇದರ ಪರಿಣಾಮವನ್ನು ಗಮನಿಸಿ. ಚಿತ್ರಕಾರನು ಸಾಧಾರಣವಾಗಿ ಮುಖ್ಯವಾದದ್ದನ್ನು ಮೊದಲು ಗೊತ್ತುಮಾಡಿಕೊಂಡು ಅಂಚಿನ ವಿಚಾರವನ್ನು ಕಡೆಗೆ ನೋಡಿಕೊಳ್ಳುತ್ತಾನೆ. ಕೌದಿ ಹೊಲಿಯುವವಳಿಗೆ ಅಂಚು ಮೊದಲು, ನಡುಭಾಗ ಕಡೆಗೆ. ನಡುವನ್ನು ತಲಪುವ ಹೊತ್ತಿಗೆ ಯಾವ ಬಣ್ಣ ಎಷ್ಟು ಉಳಿದಿರುತ್ತದೆಂಬುದನ್ನು ಆಕೆ ಮೊದಲ ದಿನವೇ ಊಹಿಸಿಕೊಳ್ಳಬೇಕು. ಒಳ್ಳೆಯ ತುಂಡನ್ನು ಆಸೆಪಟ್ಟು ಮೊದಲೇ ಹಾಕಿಬಿಟ್ಟರೆ ಕೌದಿಯ ಎದೆ ಬರಿದಾಗುತ್ತದೆ. ಆದಕಾರಣ ಮದುವೆಯ ಸೀರೆಯ ಸೆರಗನ್ನೋ, ಉಳಿದದ್ದರಲ್ಲಿ ಉಜ್ಜ್ವಲವಾದ ಒಂದು ಖಣವನ್ನೋ ಬೇರೆ ಎತ್ತಿಟ್ಟುಕೊಂಡು, ಕೈಗೆ ಬಂದರೂ ಬಳಸದೆ, ದಿನಗಟ್ಟಲೆ ಕಾಯಬೇಕು. ಈ ಸಂಯಮಕ್ಕೆ ನಾವು ಸಾಹಿತ್ಯದಲ್ಲಿಯಾದರೆ ಔಚಿತ್ಯವೆಂದು ಹೆಸರಿಡುತ್ತೇವೆ.

ಇನ್ನು ಬಣ್ಣದ ಮಾತು. ಮೂರು ಮೂಲೆಗಳಿಗೆ ಕೆಂಪು ತುಂಡನ್ನು ಇಟ್ಟಾಯಿತು. ನಾಲ್ಕನೆಯದಕ್ಕೆ ಕೆಂಪು ಸಾಲದೆ ಬಂತು. ಅಂಗಡಿಗೆ ಹೋಗಿ ತರುವಂತಿದ್ದರೆ ಅಲ್ಲಿಗೆ ಯೋಚನೆ ಮುಗಿಯುತ್ತಿತ್ತು. ಹಾಗೆ ಮಾಡದವಳು ಅಲ್ಲಿ ಹಸುರನ್ನು ಇಡುತ್ತಾಳೆ. ಒಂದೇ ಹಸುರು ಅನಾಥವಾಗಿ ಕಾಣುತ್ತದೆ. ಆದ್ದರಿಂದ ಎದುರು ಬದಿಯಲ್ಲಿ ಇನ್ನೊಂದು ಚಿಕ್ಕ ಹಸುರನ್ನು ತಂದು ಕೂರಿಸುತ್ತಾಳೆ. ಅದರ ಪಕ್ಕಕ್ಕೆ ಧೋತರದ ಬಿಳುಪು ಬಂದರೆ ಹಸುರು ಇನ್ನೂ ತಿಳಿಯಾಗುತ್ತದೆ. ಕೊರತೆಯಿಂದ ಹುಟ್ಟಿದ ಒಂದು ತಪ್ಪು ಹೀಗೆ ಮೂರು ಹೆಜ್ಜೆಗಳಲ್ಲಿ ಒಂದು ನಿಯಮವಾಗಿಬಿಡುತ್ತದೆ. ಅದಕ್ಕೇ ಎರಡು ಕೌದಿಗಳು ಎಂದೂ ಒಂದೇ ಆಗಿರುವುದಿಲ್ಲ. ಎರಡು ಮನೆಗಳ ಗಂಟುಗಳು ಒಂದೇ ಅಲ್ಲವಷ್ಟೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಗಾದೆ ಹೇಳುತ್ತದೆ. ಕೌದಿ ಹೊಲಿಯುವ ಹೆಂಗಸು ಆ ಗಾದೆಯನ್ನು ಒಪ್ಪಿದವಳಲ್ಲ. ಕಾಲು ಇದ್ದಷ್ಟಕ್ಕೆ ಹಾಸಿಗೆಯನ್ನೇ ಬೆಳೆಸಿದವಳು.

ತುಂಡು ಬಟ್ಟೆಗಳಿಂದ ಯೋಜನೆಪೂರ್ವಕವಾಗಿ ರಚಿಸುವುದು ಲೋಕಕ್ಕೆ ಹೊಸದೇನಲ್ಲ. ಬುದ್ಧನು ಮಗಧದ ಗದ್ದೆಗಳ ಸಾಲು ಬದುಗಳನ್ನು ತೋರಿಸಿ, ಭಿಕ್ಷುಗಳ ಚೀವರವನ್ನು ಅದೇ ಮಾದರಿಯಲ್ಲಿ ರಚಿಸುವಂತೆ ಆನಂದನಿಗೆ ಹೇಳಿದನೆಂದು ವಿನಯಪಿಟಕದಲ್ಲಿದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಸಿದ್ದಿ ಜನರು ಆಫ್ರಿಕಾ ಮೂಲದವರು. ಅವರ ಹೆಂಗಸರು ಹೊಲಿಯುವ ಹೊದಿಕೆಗೆ ಕವಂದಿ ಎಂದು ಹೆಸರು. ಅದರ ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ ಹೂವನ್ನು ಹೊಲಿಯದ ಹೊರತು ಅವರ ಕಣ್ಣಿಗೆ ಕವಂದಿ ಪೂರ್ತಿಯಾಗುವುದಿಲ್ಲ. ಅಮೆರಿಕದ ಅಲಬಾಮಾ ಪ್ರಾಂತದಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಹತ್ತಿಯ ತೋಟಗಳಲ್ಲಿ ಗುಲಾಮರಾಗಿದ್ದವರ ಸಂತತಿಯ ಹೆಂಗಸರು ಅಲ್ಲಿ ದುಡಿಮೆಯ ಹಳೆಯ ಉಡುಪುಗಳಿಂದ ಹೊದಿಕೆಗಳನ್ನು ಹೊಲಿದರು. 2002ರಲ್ಲಿ ಹ್ಯೂಸ್ಟನ್ ನಗರದ ಕಲಾಭವನದಲ್ಲಿಯೂ ಆ ಮೇಲೆ ನ್ಯೂಯಾರ್ಕಿನ ವಿಟ್ನಿ ಕಲಾಭವನದಲ್ಲಿಯೂ ಅವುಗಳ ಪ್ರದರ್ಶನವಾಯಿತು. ಗೋಡೆಯ ಮೇಲೆ ತೂಗುಹಾಕಿದ ಮೇಲೆ ಪಂಡಿತರಿಗೆ ಅವು ಚಿತ್ರಗಳಂತೆ ಕಂಡವು. ನೆಲದ ಮೇಲೆ ಹಾಸಿದ್ದಾಗಲೂ ಅವು ಹಾಗೆಯೇ ಇದ್ದುವಷ್ಟೆ.

ಈಗ ನಮ್ಮ ಕೌದಿಗೆ ಒದಗಿರುವ ಕಷ್ಟವನ್ನು ಹೇಳಬೇಕು. ಮೊದಲನೆಯದು ಬಟ್ಟೆಯದು. ಮನೆಯ ಗಂಟಿನಲ್ಲಿ ಹತ್ತಿಯ ಸೀರೆ ಕಡಿಮೆಯಾಗಿ ಕೃತಕನೂಲಿನ ಸೀರೆ ಹೆಚ್ಚಾಗಿದೆ. ಅದು ಬೆವರನ್ನು ಹೀರುವುದಿಲ್ಲ. ಪದರಗಳ ನಡುವೆ ಜಾರುತ್ತದೆ. ತಾನು ಸವೆಯದೆ ಪಕ್ಕದ ಹತ್ತಿಯನ್ನು ಸವೆಯಿಸುತ್ತದೆ. ಎರಡನೆಯದು ಬಿಡುವಿನದು. ಕೊಳಾರದಲ್ಲಿ ಈಗ ಕೈಗಾರಿಕೆಗಳ ಪ್ರದೇಶವಿದೆ. ಪಾಳಿಯ ಕೆಲಸಕ್ಕೆ ಹೋಗಿಬರುವವಳಿಗೆ ಸುಗ್ಗಿಯ ನಂತರದ ಬಿಡುವೆಂಬುದು ಇಲ್ಲ. ಅಂಗಡಿಯ ಚಾದರ ಅಗ್ಗವಾಗಿ ಸಿಕ್ಕುತ್ತದೆ. ಅದನ್ನು ಆಕೆ ಕೊಂಡರೆ ತಪ್ಪು ಹೊರಿಸುವುದು ನ್ಯಾಯವಲ್ಲ.

ಮೂರನೆಯದು ಬೆಲೆಯದು, ಇದು ನಮಗೆ ಸಂಬಂಧಪಟ್ಟದ್ದು. ಉತ್ತರ ಕರ್ನಾಟಕದ ಅನೇಕ ಕಡೆ ಗೊಂದಲಿಗರ ಹೆಂಗಸರು ಊರೂರು ತಿರುಗಿ ಕೌದಿ ಹೊಲಿದುಕೊಡುವುದನ್ನೇ ಕಸಬು ಮಾಡಿಕೊಂಡಿದ್ದಾರೆ. ಅರಿವೆ ಮನೆಯವರದು, ಕೈ ಇವರದು. ಆ ಕೈಯ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ. 6 ಅಡಿ ಉದ್ದ, 4 ಅಡಿ ಅಗಲದ ಒಂದು ಕೌದಿ. ಸಾಲಿಗೂ ಸಾಲಿಗೂ ಅರ್ಧ ಅಂಗುಲದ ಅಂತರ. ಒಂದು ಅಂಗುಲಕ್ಕೆ 4 ಹೊಲಿಗೆ. ಸಾಲುಗಳನ್ನೆಲ್ಲ ಬಿಚ್ಚಿ ಉದ್ದಕ್ಕೆ ಹಿಡಿದರೆ ಸುಮಾರು 576 ಅಡಿಯಾಗುತ್ತದೆ. ಹೊಲಿಗೆಗಳು 27 ಸಾವಿರವನ್ನು ಮೀರುತ್ತವೆ. ಇಷ್ಟು ಹೊಲಿಗೆಗಳನ್ನು ನಾಲ್ಕೈದು ಪದರಗಳ ದಪ್ಪದಲ್ಲಿ ಹಾಯಿಸಿದ ಬೆರಳಿಗೆ ನಾವು ಕೊಡುವುದೇನು? ಬಿದರಿಯ ಹೂದಾನಿಗೆ ಕೇಳಿದಷ್ಟು ಕೊಡುವ ಮಹಾಶಯರೇ ಕೌದಿಯ ಕೂಲಿಗೆ ಚೌಕಾಶಿಮಾಡುತ್ತಾರೆ. ಇದೇ ಬೀದರ ಜಿಲ್ಲೆಯ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಕಾಯಕವನ್ನು ಪೂಜೆಯ ಮಟ್ಟಕ್ಕೆ ಏರಿಸಿದರು. ಶರಣರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆಯೆಂಬ ಹೆಸರು ನಿಂತಿದೆ. ಸೂಜಿ ಅಲ್ಪವಾದ ಆಯುಧವೆಂದು ಅವರು ಎಣಿಸಲಿಲ್ಲ.

ನಾಲ್ಕನೆಯ ಕಷ್ಟ ವಿಚಿತ್ರವಾದದ್ದು. ಕೌದಿಗೆ ಪಟ್ಟಣಗಳಲ್ಲಿ ಈಚೆಗೆ ಆದರ ಹುಟ್ಟಿ, ಹೊಸ ಬಟ್ಟೆಯ ಥಾನನ್ನೇ ಚೌಕಚೌಕವಾಗಿ ಕತ್ತರಿಸಿ, ಆ ಚೂರುಗಳನ್ನು ಮತ್ತೆ ಕೂಡಿಸಿ ಕೌದಿಯೆಂದು ಮಾರುವುದೂ ನಡೆದಿದೆ. ಅದೂ ಅಂದವಾಗಿರಬಹುದು, ನಾಲ್ಕು ಜನಕ್ಕೆ ಕೂಲಿಯೂ ದೊರೆಯಬಹುದು. ಆದರೆ ಅಲ್ಲಿ ಕೆಂಪು ಮುಗಿಯುವುದೇ ಇಲ್ಲ. ನಾಲ್ಕು ಮೂಲೆಗೂ ನಾಲ್ಕು ಕೆಂಪು ಸಿದ್ಧವಾಗಿರುವಾಗ ಹಸುರನ್ನು ತಂದು ಇಡುವ ಬುದ್ಧಿಗೆ ಕೆಲಸವಿಲ್ಲದಂತಾಗುತ್ತದೆ. ಕೌದಿಯ ರೂಪ ಉಳಿದು ಅದರ ಯೋಚನೆ ಹೋಗುತ್ತದೆ.

ಹಾಗಾದರೆ ಪಟ್ಟಣದಲ್ಲಿರುವ ನಾವು ಮಾಡಬೇಕಾದದ್ದೇನು? ಎರಡು ಮಾತು ಹೇಳಿ ಮುಗಿಸುತ್ತೇನೆ. ಹೊಲಿಸುವವರು ಕೂಲಿಯನ್ನು ಕೌದಿಯ ಲೆಕ್ಕದಲ್ಲಿ ಕೊಡದೆ ದಿನದ ಲೆಕ್ಕದಲ್ಲಿ ಕೊಡಲಿ. ತುಂಡುಗಳನ್ನು ಹೀಗೆ ಇಡು, ಹಾಗೆ ಇಡು ಎಂದು ಆಜ್ಞೆಮಾಡದೆ ಆಕೆಯ ವಿವೇಕಕ್ಕೆ ಬಿಡಲಿ. ಅವಳು ಒಪ್ಪಿದರೆ ಮೂಲೆಯಲ್ಲಿ ಅವಳ ಹೆಸರನ್ನೂ ವರ್ಷವನ್ನೂ ನೂಲಿನಿಂದ ಬರೆಯಿಸಲಿ. ಚಿತ್ರಕಾರನು ತನ್ನ ಚಿತ್ರದ ಮೇಲೆ ಹೆಸರು ಬರೆಯುತ್ತಾನೆ; ಇವಳಿಗೇಕೆ ಆ ಹಕ್ಕಿಲ್ಲ?

ಸ್ವತಃ ಹೊಲಿಯಬಯಸುವವರು ತೊಟ್ಟಿಲಿನ ಅಳತೆಯಿಂದ ಆರಂಭಿಸುವುದು ಲೇಸು. ಹೊಸದಾಗಿ ಏನನ್ನೂ ಕೊಳ್ಳಬೇಡಿ. ಸೂಜಿ ದಾರ ಮಾತ್ರ ಸಾಕು. ಬಟ್ಟೆಗಳನ್ನು ಮೊದಲೇ ಒಗೆದು ಒಣಗಿಸಿ. ಇಲ್ಲವಾದರೆ ಹೊಲಿದ ಮೇಲೆ ಒಂದೊಂದು ಒಂದೊಂದು ಪರಿಯಾಗಿ ಕುಗ್ಗುತ್ತದೆ. ಬಣ್ಣ ಬಿಡುವುದೆಂಬ ಸಂಶಯವಿದ್ದರೆ ಒದ್ದೆಯ ಬಿಳಿ ಅರಿವೆಯಿಂದ ಉಜ್ಜಿ ನೋಡಿ. ತುಂಡನ್ನು ನೂಲಿನ ನೇರಕ್ಕೆ ಕತ್ತರಿಸಿ. ಓರೆಯಾಗಿ ಕತ್ತರಿಸಿದ್ದು ಎಳೆದಂತೆಲ್ಲ ಹಿಗ್ಗುತ್ತದೆ. ದಪ್ಪದ ಪಕ್ಕಕ್ಕೆ ತೀರ ತೆಳುವಾದದ್ದನ್ನು ಇಡಬೇಡಿ. ದಪ್ಪದ್ದು ತೆಳುವಾದದ್ದನ್ನು ಹರಿಯುತ್ತದೆ. ಹತ್ತಿಯೊಡನೆ ಹತ್ತಿಯನ್ನೇ ಕೂಡಿಸಿ. ಇಷ್ಟನ್ನು ಪಾಲಿಸಿದ ಮೇಲೆ ಉಳಿದದ್ದಕ್ಕೆ ಸೂತ್ರವಿಲ್ಲ. ನಿಮ್ಮ ಮನೆಯ ಗಂಟಿನಲ್ಲಿ ಯಾವ ಬಣ್ಣ ಕಡಿಮೆಯಾಗಿದೆಯೋ ಅದೇ ನಿಮ್ಮ ಗುರುವಾಗುತ್ತದೆ.

ಮುಂದೆ ಬೀದರಕ್ಕೆ ಹೋದಾಗ ಮದರಸವನ್ನು ನೋಡಿ, ರಂಗೀನ ಮಹಲನ್ನು ನೋಡಿ, ಬಿದರಿಯ ಅಂಗಡಿಗೂ ಅವಶ್ಯವಾಗಿ ಹೋಗಿ. ಹಾಗೆಯೇ ಭಾಲ್ಕಿಯ ಕಡೆಗೋ ಔರಾದದ ಕಡೆಗೋ ಹೋಗುವ ದಾರಿಯಲ್ಲಿ, ಯಾವುದಾದರೊಂದು ಮನೆಯ ಮುಂದೆ ಕೌದಿ ಬಿಸಿಲಿಗೆ ಹರವಿದ್ದರೆ ಅದನ್ನೂ ಒಂದು ಗಳಿಗೆ ನಿಂತು ನೋಡಿ. ನಾಲ್ಕನೆಯ ಮೂಲೆಯಲ್ಲಿ ಯಾವ ಬಣ್ಣವಿದೆ ಎಂಬುದನ್ನು ಗಮನಿಸಿ.