ಹೆಬ್ಬೆರಳಿಗೆ ಸರದಿ ಯಾವಾಗ?

(ಮಕ್ಕಳ ಸಂಗೀತೋತ್ಸವದ ಉದ್ಘಾಟನಾ ಭಾಷಣ)

ವೇದಿಕೆಯ ಮೇಲಿರುವ ಹಿರಿಯ ವಿದ್ವಾಂಸರೇ, ಉತ್ಸವ ಸಮಿತಿಯ ಗೆಳೆಯರೇ, ಮಕ್ಕಳನ್ನು ಕರೆತಂದು ಹಿಂದಿನ ಕುರ್ಚಿಗಳಲ್ಲಿ ಕೂತಿರುವ ಅಪ್ಪ, ಅಮ್ಮ, ಅಜ್ಜಿ, ತಾತಂದಿರೇ, ಮತ್ತು ಮುಂದೆ ಜಮಖಾನದ ಮೇಲೆ ಕೂತು "ಭಾಷಣ ಎಷ್ಟೊತ್ತು?" ಎಂದು ಪಕ್ಕದವರನ್ನು ಕೇಳುತ್ತಿರುವ ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ದೀಪ ಬೆಳಗಿದ್ದಾಯಿತು. ಇನ್ನು ಉದ್ಘಾಟಕರು ಸಂಗೀತದ ಮಹಿಮೆಯ ಬಗ್ಗೆ ನಾಲ್ಕು ಮಾತಾಡಬೇಕು ಎಂಬುದು ವಾಡಿಕೆ. ಆ ಮಹಿಮೆಯನ್ನು ಈ ಮೂರು ದಿನ ಮಕ್ಕಳೇ ಹಾಡಿ, ನುಡಿಸಿ ತೋರಿಸುತ್ತಾರೆ. ನಾನು ಪಾಠ ಹೇಳುವವಳು. ಹಾಗಾಗಿ ಪಾಠದ ನಡುವೆ ಮಕ್ಕಳು ಆಡುವ ಮಾತುಗಳನ್ನು ಒಂದಿಷ್ಟು ನಿಮ್ಮ ಮುಂದಿಡುತ್ತೇನೆ. ನಗು ಬಂದರೆ ಧಾರಾಳವಾಗಿ ನಗಿ. ನಕ್ಕಾದ ಮೇಲೆ, ಆ ಮಗುವಿನ ಕಿವಿಗೆ ಬಿದ್ದದ್ದೇನು ಅಂತ ಒಂದು ಸಲ ಯೋಚನೆ ಮಾಡಿ.

ಎಲ್ಲ ಮಾತಿನಲ್ಲೂ ತತ್ತ್ವ ಹುಡುಕಬೇಕಿಲ್ಲ. ಹೊಸದಾಗಿ ಸೇರಿದ ಹುಡುಗನಿಗೆ "ನಿನ್ನ ಶ್ರುತಿ ಐದು ಮನೆ ಕಣೋ" ಅಂದೆ. "ಇಲ್ಲ ಮಿಸ್, ನಮ್ದು ಒಂದೇ ಮನೆ. ಅದೂ ಬಾಡಿಗೇದು" ಅಂದ. ಬಾಗಿಲಲ್ಲಿ ನಿಂತಿದ್ದ ಅವನ ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಇನ್ನೊಬ್ಬ, ಸರಳೆ ವರಸೆಯನ್ನು ಎರಡನೇ ಕಾಲದಲ್ಲಿ ಹಾಡಬೇಕು ಎಂದು ತಿಳಿದ ಕೂಡಲೇ, "ಹಂಗಾದ್ರೆ ಪಾಠ ಅರ್ಧ ಗಂಟೇಲೇ ಮುಗಿಯುತ್ತಾ?" ಎಂದು ಕಣ್ಣರಳಿಸಿದ. ಇವಕ್ಕೆಲ್ಲ ನಕ್ಕು ಮುಂದಿನ ವರಸೆಗೆ ಹೋದರಾಯಿತು.

ಬೇರೆ ಥರದ ಮಾತುಗಳೂ ಇವೆ. ಆದಿತಾಳ ಹಾಕುವುದನ್ನು ಹೇಳಿಕೊಡುತ್ತಿದ್ದೆ. ನಾಲ್ಕು ಅಕ್ಷರದ ಲಘು: ಒಂದು ತಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು. ಅದರ ಹಿಂದೆ ಎರಡು ದ್ರುತ, ಅಂದರೆ ತಟ್ಟು ಬೀಸು, ತಟ್ಟು ಬೀಸು. ಒಟ್ಟು ಎಂಟು. ಏಳು ವರ್ಷದ ಹುಡುಗಿಯೊಬ್ಬಳು ತಾಳ ನಿಲ್ಲಿಸಿ ಕೈಯನ್ನೇ ನೋಡಿಕೊಳ್ಳುತ್ತಾ ಕೂತಳು. "ಮಿಸ್, ತೋರುಬೆರಳು, ಹೆಬ್ಬೆರಳು ಏನು ತಪ್ಪು ಮಾಡಿವೆ? ಅವನ್ನ ಯಾಕೆ ಆಟಕ್ಕೆ ಸೇರಿಸ್ಕೊಳ್ಳಲ್ಲ?" ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವಳು ನಗಲಿಲ್ಲ.

ಯೋಚಿಸಿ, ಎಷ್ಟು ದೊಡ್ಡ ಪ್ರಶ್ನೆ ಅದು! ನಮ್ಮ ತಾಳಪದ್ಧತಿಯಲ್ಲಿ ಲಘುವಿಗೆ ಐದು ಜಾತಿ: ಮೂರು, ನಾಲ್ಕು, ಐದು, ಏಳು, ಒಂಬತ್ತು ಅಕ್ಷರ. ಏಳು ತಾಳಕ್ಕೆ ಐದು ಜಾತಿ ಸೇರಿ 35 ತಾಳಗಳಾದದ್ದು ಹೀಗೆ. ಮಕ್ಕಳು ಕಲಿಯುವ ಸಪ್ತತಾಳ ಅಲಂಕಾರಗಳಲ್ಲಿ ನಾಲ್ಕನೆಯದು ಮಿಶ್ರಜಾತಿ ಝಂಪೆ. ಅದರ ಲಘುವಿಗೆ ಏಳು ಅಕ್ಷರ. ಒಂದು ತಟ್ಟಿ ಬೆರಳು ಎಣಿಸುತ್ತಾ ಹೋದರೆ ತೋರುಬೆರಳೂ ಮುಗಿದು, ಹೆಬ್ಬೆರಳೂ ಮುಗಿದು, ಮತ್ತೆ ಕಿರುಬೆರಳಿಗೆ ಬರಬೇಕು. "ಸ್ವಲ್ಪ ತಾಳ್ಮೆಯಿಂದಿರು, ಝಂಪೆಯಲ್ಲಿ ಹೆಬ್ಬೆರಳಿಗೂ ಸರದಿ ಬರುತ್ತೆ" ಅಂದೆ. ಜಂಟಿ ವರಸೆ, ದಾಟು ವರಸೆಗಳನ್ನೆಲ್ಲ ಅವಳು ಆ ಆಸೆಯಲ್ಲೇ ದಾಟಿದಳು. ಝಂಪೆ ಶುರುವಾದ ದಿನ ಒಂದೇ ಒಂದು ಹೆಬ್ಬೆರಳಿಗೆ ಗೋರಂಟಿ ಹಚ್ಚಿಕೊಂಡು ಬಂದಿದ್ದಳು.

ಸ್ವರಗಳಿಗೆ ಪ್ರಾಣಿಗಳನ್ನು ಹೇಳುವ ಪಾಠದಲ್ಲಂತೂ ಗಲಾಟೆ ತಪ್ಪಿದ್ದಲ್ಲ. ಷಡ್ಜಕ್ಕೆ ನವಿಲು, ಗಾಂಧಾರಕ್ಕೆ ಆಡು, ಪಂಚಮಕ್ಕೆ ಕೋಗಿಲೆ, ನಿಷಾದಕ್ಕೆ ಆನೆ. ಧೈವತಕ್ಕೆ ನಾರದೀಯ ಶಿಕ್ಷೆಯಲ್ಲಿ ಕುದುರೆ, ಶಾರ್ಙ್ಗದೇವನ ಸಂಗೀತ ರತ್ನಾಕರದಲ್ಲಿ ಕಪ್ಪೆ. ಕಪ್ಪೆ ಎಂದದ್ದೇ ತಡ, "ನಮ್ಮಜ್ಜಿ ಊರಲ್ಲಿ ಮಳೆಗಾಲ ಪೂರ್ತಿ ಬರೀ ಧೈವತಾನೇ ಮಿಸ್" ಎಂದ ಒಬ್ಬ. ನಗು ಇಳಿಯುವ ಮೊದಲೇ ಇನ್ನೊಬ್ಬನ ಪ್ರಶ್ನೆ ಬಂತು: "ಆನೆ 'ನಿ' ಅನ್ನೋದು ಯಾರ ಶ್ರುತಿಗೆ? ನವಿಲಿನ ಶ್ರುತಿಗಾ?"

ಈ ಪ್ರಶ್ನೆ ಕೇಳಿದವನಿಗೆ ಸ್ವರ ಅಂದರೆ ಏನು ಅಂತ ಅರ್ಧ ಗೊತ್ತಾಗಿದೆ ಎಂದೇ ಲೆಕ್ಕ. ಒಂಟಿಯಾಗಿ ಕೂಗುವ ಆನೆಯ ಕೂಗಿಗೆ ನಿಷಾದ ಎಂಬ ಹೆಸರು ಬರುವುದಿಲ್ಲ. ಮೊದಲು ಎಲ್ಲೋ ಒಂದು ಷಡ್ಜ ನಿಲ್ಲಬೇಕು. ಅದರಿಂದ ಎಷ್ಟು ದೂರ ಎಂಬುದರ ಮೇಲೆ ಉಳಿದ ಆರರ ಹೆಸರು. ಅದನ್ನು ನಾನು ಹಲಗೆಯ ಮೇಲೆ ಗೆರೆ ಎಳೆದು ವಿವರಿಸಿದ್ದರೆ ಮಕ್ಕಳು ಆಕಳಿಸುತ್ತಿದ್ದರು. ನವಿಲಿನ ಶ್ರುತಿಗೆ ಹಾಡಲು ಒದ್ದಾಡುವ ಆನೆಯನ್ನು ಅವರು ಯಾವತ್ತೂ ಮರೆಯುವುದಿಲ್ಲ.

ಇನ್ನೊಂದು ದಿನ ಜನಕ ರಾಗ, ಜನ್ಯ ರಾಗ. ಪುರಂದರದಾಸರು ಹಾಕಿಕೊಟ್ಟದ್ದೆಂದು ನಾವು ನಂಬಿಕೊಂಡು ಬಂದ ಕ್ರಮದಲ್ಲಿ ಮೊದಲ ಪಾಠಗಳು ಮಾಯಾಮಾಳವಗೌಳದಲ್ಲಿ, ಆಮೇಲಿನ ಪಿಳ್ಳಾರಿ ಗೀತೆಗಳು ಮಲಹರಿಯಲ್ಲಿ. ಮಾಯಾಮಾಳವಗೌಳ 72 ಮೇಳಗಳಲ್ಲಿ 15ನೆಯದು, ಮಲಹರಿ ಅದರ ಜನ್ಯ. "ಅಂದ್ರೆ ಮಲಹರಿಗೆ ಅಪ್ಪ ಮಾಯಾಮಾಳವಗೌಳ. ಸರಿ, ಅಮ್ಮ ಯಾರು?" ಎಂದಳು ಒಬ್ಬಳು. "72 ಜನ ಅಪ್ಪಂದಿರೇ ಸೇರಿ ಮನೆ ನಡೆಸ್ತಾರಾ? ಅಡುಗೆ ಯಾರು ಮಾಡ್ತಾರೆ?" ಎಂದು ಅವಳ ತಮ್ಮ.

ಅಮ್ಮ ಇದ್ದಾಳೆ, ಬೇರೆ ಪದ್ಧತಿಯಲ್ಲಿ ಇದ್ದಾಳೆ. ನಮ್ಮ ಶಿವಗಂಗೆ ಬೆಟ್ಟದ ಬಳಿಯ ಸಾತನೂರಿನ ಪುಂಡರೀಕ ವಿಠಲ 16ನೇ ಶತಮಾನದಲ್ಲಿ ಉತ್ತರಕ್ಕೆ ಹೋಗಿ ನೆಲೆಸಿದ ವಿದ್ವಾಂಸ. ರಾಗಮಾಲಾ ಎಂಬ ಗ್ರಂಥದಲ್ಲಿ ಆತ ರಾಗಗಳಿಗೆ ಹೆಂಡತಿ ಮಕ್ಕಳ ಸಮೇತ ಸಂಸಾರವನ್ನೇ ಹೂಡಿಕೊಟ್ಟಿದ್ದಾನೆ. ಉತ್ತರದ ರಾಗಮಾಲಾ ಚಿತ್ರಗಳಲ್ಲಿ ಕಾಣುವ ರಾಗಿಣಿಯರು ಇಂಥ ಸಂಸಾರಗಳವರೇ. ನಮ್ಮ ಕಡೆ ಸ್ವರಗಳ ಲೆಕ್ಕಾಚಾರ ಗಟ್ಟಿಯಾಗಿ, ಮೇಳಪದ್ಧತಿ ನಿಂತಿತು. ರಾಗಗಳನ್ನು ಯಾವ ಆಧಾರದ ಮೇಲೆ ಗುಂಪು ಮಾಡಬೇಕು ಎಂದು ಪಂಡಿತರು ನೂರಾರು ವರ್ಷ ವಾದ ಮಾಡಿದ್ದಾರೆ. ಆ ವಾದದೊಳಕ್ಕೆ ಈ ಅಕ್ಕ ತಮ್ಮ ಅಡುಗೆಮನೆಯ ಬಾಗಿಲಿನಿಂದ ಬಂದರು, ಅಷ್ಟೇ.

ತಂಬೂರಿಯ ವಿಷಯ ಹೇಳದಿದ್ದರೆ ಈ ಮಾತು ಪೂರ್ತಿಯಾಗುವುದಿಲ್ಲ. ನಾಲ್ಕು ತಂತಿ: ಪಂಚಮ, ಎರಡು ಸಾರಣೆ, ಮಂದ್ರ ಷಡ್ಜ. ಒಮ್ಮೆ ಎಲ್ಲರನ್ನೂ ಕಣ್ಣು ಮುಚ್ಚಿಸಿ ಮೀಟುತ್ತಾ ಕೂತಿದ್ದೆ. ಒಬ್ಬಳು ಗಾಬರಿಯಿಂದ ಕಣ್ಣು ಬಿಟ್ಟು, "ಮಿಸ್, ಅದರೊಳಗೆ ಯಾರೋ 'ಗ' ಹಾಡ್ತಿದಾರೆ. ನಾನಲ್ಲ!" ಅಂದಳು. ಪಕ್ಕದವನು ತಂಬೂರಿಯ ಬುರುಡೆಗೆ ಕಿವಿಯಿಟ್ಟು, "ಹೌದು, ಇದಾರೆ" ಎಂದು ಸಾಕ್ಷಿ ಹೇಳಿದ.

ಇದ್ದದ್ದು ನಿಜವೇ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮಂದ್ರ ಷಡ್ಜ ಮೀಟಿದಾಗ ಆ ತಂತಿ ತಾನೊಂದೇ ಸ್ವರವಾಗಿ ನುಡಿಯುವುದಿಲ್ಲ. ಅದರ ಜೊತೆ ಉಪಸ್ವರಗಳೂ ಏಳುತ್ತವೆ. ಅವುಗಳಲ್ಲಿ ಒಂದು ಅಂತರ ಗಾಂಧಾರ. ಯಾರೂ ಮೀಟದೆ ತಾನಾಗಿ ಹುಟ್ಟುವುದರಿಂದ ಅದನ್ನು ಸ್ವಯಂಭು ಗಾಂಧಾರ ಎನ್ನುತ್ತೇವೆ. ತಂಬೂರಿ, ವೀಣೆಗಳ ಕುದುರೆಯ ಆಕಾರದಿಂದ ಈ ಉಪಸ್ವರಗಳು ಹೇಗೆ ಸಮೃದ್ಧವಾಗಿ ಹೊಮ್ಮುತ್ತವೆ ಎಂದು ಸಿ.ವಿ. ರಾಮನ್ 1921ರಲ್ಲೇ ಪ್ರಬಂಧ ಬರೆದಿದ್ದಾರೆ. ಮಾಯಾಮಾಳವಗೌಳದ ಗಾಂಧಾರವೂ ಅಂತರ ಗಾಂಧಾರವೇ. ಎಷ್ಟೋ ವರ್ಷ ಹಾಡಿದವರೂ ಕೆಲವೊಮ್ಮೆ ಗಮನಿಸದೆ ಬಿಡುವ ಸ್ವರವನ್ನು ಆ ಹುಡುಗಿ ಹಿಡಿದಿದ್ದಳು. ಹಿಡಿದು, ತನ್ನ ಮೇಲೆ ತಪ್ಪು ಬರಬಾರದು ಎಂದು "ನಾನಲ್ಲ" ಎಂದಿದ್ದಳು.

ಇನ್ನೊಂದೇ ಒಂದು. ಕಛೇರಿಗೆ ಮುಂಚೆ ಮೃದಂಗದ ಎಡಭಾಗಕ್ಕೆ ರವೆ ಕಲಸಿ ಮೆತ್ತುತ್ತಿದ್ದ ವಿದ್ವಾಂಸರ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತ ಪುಟ್ಟ ಹುಡುಗ, "ತಾತಾ, ಉಪ್ಪು ಹಾಕಿದೀರಾ?" ಎಂದು ಕೇಳಿದ. ಅವರು ಸ್ವಲ್ಪವೂ ನಗದೆ, "ಉಪ್ಪು ಬೇಡ ಮಗು, ತೂಕ ಬೇಕು. ನೋಡು" ಎಂದು ಒಂಚೂರು ಕಿತ್ತು ತಟ್ಟಿದರು, ಮತ್ತೆ ಮೆತ್ತಿ ತಟ್ಟಿದರು. ರವೆ ಕೂತಾಗ ನಾದ ಕೆಳಗಿಳಿದು ಗುಂ ಎಂದಿತು. ಹುಡುಗ ಆ ಕಛೇರಿ ಮುಗಿಯುವವರೆಗೂ ಎಡಗೈಯನ್ನೇ ನೋಡುತ್ತಾ ಕೂತ. ಆ ವಿದ್ವಾಂಸರು ಮಾಡಿದ್ದನ್ನೇ ನಾವೆಲ್ಲ ಮಾಡಬೇಕು ಅನ್ನುವುದು ನನ್ನ ಇವತ್ತಿನ ಮಾತಿನ ಸಾರ.

ನಾವು ಸಾಮಾನ್ಯವಾಗಿ ಮಾಡುವುದೇ ಬೇರೆ. ಒಂದೋ, "ಅಧಿಕಪ್ರಸಂಗ ಬೇಡ, ಹೇಳಿಕೊಟ್ಟದ್ದು ಹಾಡು" ಎನ್ನುತ್ತೇವೆ. ಜೂನಿಯರ್ ಪರೀಕ್ಷೆ ಹತ್ತಿರ ಬಂದಾಗ ಮೇಷ್ಟ್ರುಗಳ ಬಾಯಲ್ಲಿ ಈ ಮಾತು ಜಾಸ್ತಿ. ಇಲ್ಲವೇ ಮೊಬೈಲ್ ತೆಗೆದು, "ಇನ್ನೊಂದು ಸಲ ಹೇಳು ಪುಟ್ಟಾ" ಎಂದು ವಿಡಿಯೊ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ. ಬೈದರೆ ಮಗು ಸುಮ್ಮನಾಗುತ್ತದೆ. ವಿಡಿಯೊ ಮಾಡಿದರೆ ಇನ್ನೂ ಕಷ್ಟ: ಎರಡನೇ ಸಲ ಅದು ಉತ್ತರಕ್ಕಾಗಿ ಕೇಳುವುದಿಲ್ಲ, ನಮ್ಮ ನಗುವಿಗಾಗಿ ಕೇಳುತ್ತದೆ. ಮನೆಗೆ ನೆಂಟರು ಬಂದಾಗಲೆಲ್ಲ ಅದೇ ಮಾತು ಹೇಳಿ ಚಪ್ಪಾಳೆ ಗಿಟ್ಟಿಸುತ್ತದೆ. ಕೇಳಿದ ಪ್ರಶ್ನೆ ಮಾತ್ರ ಅಲ್ಲೇ ಉಳಿದುಬಿಡುತ್ತದೆ.

ಮಗು ತಮಾಷೆ ಮಾಡಲು ಹೊರಟಿರುವುದಿಲ್ಲ. ಕಿವಿಗೆ ಬಿದ್ದದ್ದನ್ನು ತನಗೆ ಗೊತ್ತಿರುವ ಅಪ್ಪ, ಅಮ್ಮ, ಕಪ್ಪೆ, ಉಪ್ಪಿಟ್ಟುಗಳ ಭಾಷೆಯಲ್ಲಿ ಹೇಳುತ್ತಿರುತ್ತದೆ. ಶಾಸ್ತ್ರದ ಭಾಷೆಯನ್ನು ಹೇಳಿಕೊಡುವ ಕೆಲಸ ನಮ್ಮದು. ಉತ್ತರ ಗೊತ್ತಿದ್ದರೆ ಹೇಳೋಣ, ಗೊತ್ತಿಲ್ಲದಿದ್ದರೆ "ಬಾ, ಮೀಟಿ ನೋಡೋಣ" ಎನ್ನೋಣ.

ಅದಕ್ಕೇ ಈ ಉತ್ಸವದಲ್ಲಿ ನನ್ನದು ಮೂರು ಕೋರಿಕೆ. ಪಕ್ಕದ ಸಭಾಂಗಣದಲ್ಲಿ ವಾದ್ಯಗಳ ಪ್ರದರ್ಶನವಿದೆ; ಅಲ್ಲಿ 'ಮುಟ್ಟಬೇಡಿ' ಎಂಬ ಚೀಟಿ ಕಂಡರೆ ಸಮಿತಿಯವರು ದಯವಿಟ್ಟು ತೆಗೆಸಿ. ವೀಣೆಯ 24 ಮೆಟ್ಟಿಲನ್ನೂ ಮಕ್ಕಳು ಬೆರಳಿಟ್ಟೇ ಎಣಿಸಲಿ. ಸ್ಪರ್ಧೆಯ ತೀರ್ಪುಗಾರರು ಹಾಡಿ ಮುಗಿಸಿದ ಪ್ರತಿ ಮಗುವಿಗೂ, "ನಿನಗೇನಾದರೂ ಕೇಳಬೇಕಾ?" ಎಂದು ಒಂದು ಅವಕಾಶ ಕೊಡಿ. ಹೆತ್ತವರು ಮನೆಗೆ ಹೋಗುವ ದಾರಿಯಲ್ಲಿ "ಎಷ್ಟನೇ ಬಹುಮಾನ?" ಎಂದು ವಿಚಾರಿಸುವ ಮೊದಲು "ಇವತ್ತು ಏನು ಕೇಳಿಸ್ತು?" ಎಂದು ವಿಚಾರಿಸಿ. ಏನು ಉತ್ತರ ಬಂದರೂ ಬರಲಿ, ಮೊಬೈಲ್ ಜೇಬಿನಲ್ಲೇ ಇರಲಿ.

ಮಕ್ಕಳೇ, ನಿಮಗೆ ಕೋರಿಕೆ ಏನಿಲ್ಲ, ಅಪ್ಪಣೆ ಇದೆ. ಈ ಮೂರು ದಿನ ಯಾವ ವಿದ್ವಾಂಸರು ಸಿಕ್ಕರೂ ಬಿಡಬೇಡಿ, ಕೇಳಿ.

ಈ ಮಕ್ಕಳ ಸಂಗೀತೋತ್ಸವ ಉದ್ಘಾಟನೆಗೊಂಡಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ. ಮೊದಲ ಪ್ರಶ್ನೆಗೆ ಉತ್ತರವನ್ನೂ ಈಗಲೇ ಕೊಟ್ಟುಬಿಡುತ್ತೇನೆ: ಭಾಷಣ ಮುಗಿಯಿತು.