ಕೆಂಪು ಕಣಶಿಲೆ: ಕಟ್ಟಡಕ್ಕೂ ಮನೆಯೊಳಗಿನ ಅಂದಕ್ಕೂ
(ಉಪನ್ಯಾಸದ ಪಾಠ)



ಮನೆ ಕಟ್ಟಿಸುವವರೂ ಬಸದಿ ಕಟ್ಟಿಸುವವರೂ ಗೋಡೆ ಎದ್ದೊಡನೆ ಕೇಳುವ ಪ್ರಶ್ನೆ ಒಂದೇ: ನೆಲಕ್ಕೆ ಯಾವ ಕಲ್ಲು? ದೂರದ ರಾಜಸ್ಥಾನದ ಬಿಳಿಯ ಅಮೃತಶಿಲೆಯತ್ತ ಮನಸ್ಸು ಹರಿಯುವುದು ಸಹಜ. ಆದರೆ ಸಿದ್ದಾಪುರದ ಸೀಮೆಯವರು ಅಷ್ಟು ದೂರ ಹೋಗುವ ಮುನ್ನ ತಮ್ಮ ನೆರೆಯಲ್ಲೇ ಇರುವ ಒಂದು ಸಿರಿಯನ್ನು ನೋಡಬೇಕಾಗಿದೆ. ಕುಷ್ಟಗಿ ಮತ್ತು ಇಳಕಲ್ಲಿನ ಆಸುಪಾಸಿನಲ್ಲಿ ಭೂಮಿಯಿಂದ ತೆಗೆಯುವ ಕೆಂಪು ಕಣಶಿಲೆ, ಅಂದರೆ ವ್ಯಾಪಾರದ ಮಾತಿನಲ್ಲಿ ಕೆಂಪು ಗ್ರಾನೈಟ್, ಸಮುದ್ರದಾಚೆಯ ದೇಶಗಳವರೆಗೂ ಹೋಗಿ ಹೆಸರು ಪಡೆದಿರುವ ಕಲ್ಲು. ಇಳಕಲ್ಲೆಂದರೆ ಸೀರೆ ಮಾತ್ರವಲ್ಲ, ಶಿಲೆಯೂ ಹೌದು.

ಈ ಕಲ್ಲು ಕೆಂಪಾದುದು ಹೇಗೆ? ಕಣಶಿಲೆಯೆಂಬುದು ಭೂಗರ್ಭದಲ್ಲಿ ಕರಗಿದ ದ್ರವ್ಯವು ಅತಿ ನಿಧಾನವಾಗಿ ತಣಿದು ಹರಳುಗಟ್ಟಿದ ವಸ್ತು. ಇದರಲ್ಲಿ ಮುಖ್ಯವಾಗಿ ಮೂರು ಬಗೆಯ ಕಣಗಳಿರುತ್ತವೆ. ಗಾಜಿನಂತೆ ಕಾಣುವುದು ಬೆಣಚು; ಕಪ್ಪಾಗಿ ಮಿನುಗುವುದು ಕಾಗೆಬಂಗಾರ; ಬಣ್ಣ ಕೊಡುವುದು ಫೆಲ್ಡ್‌ಸ್ಪಾರ್. ಪೊಟ್ಯಾಸಿಯಂ ಹೆಚ್ಚಾಗಿರುವ ಫೆಲ್ಡ್‌ಸ್ಪಾರಿನೊಳಗೆ ಕಬ್ಬಿಣದ ಸೂಕ್ಷ್ಮಾಂಶ ಸೇರಿದಾಗ ಕಲ್ಲು ಗುಲಾಬಿಯಿಂದ ಕೆಂಪಿನವರೆಗೆ ಬಣ್ಣ ತಳೆಯುತ್ತದೆ. ಇದು ಹಚ್ಚಿದ ಬಣ್ಣವಲ್ಲ, ಹುಟ್ಟುಬಣ್ಣ. ಆದುದರಿಂದಲೇ ಬಿಸಿಲಿಗೆ ಮಾಸುವುದಿಲ್ಲ. ರಾಮನಗರದ ಹಳೆಯ ಹೆಸರನ್ನು ಹೊತ್ತ ಕ್ಲೋಸ್‌ಪೇಟೆ ಕಣಶಿಲೆಯ ಸಾಲು ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಉತ್ತರಾಭಿಮುಖವಾಗಿ ತುಂಗಭದ್ರೆಯ ಸೀಮೆಯವರೆಗೆ ಹಬ್ಬಿದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳು ಹೇಳುತ್ತಾರೆ.

ಈ ನಾಡಿನ ಜನರಿಗೆ ಕಣಶಿಲೆ ಹೊಸದಲ್ಲ. ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ನೂರಾರು ಶಿಲಾಸಮಾಧಿಗಳು ಇಂದಿಗೂ ಇವೆ. ಅವು ಎರಡು ಸಾವಿರ ವರ್ಷಗಳಿಗೂ ಹಿಂದಿನವು. 2021ರಲ್ಲಿ ಆ ನೆಲೆ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕನ ಶಾಸನಾಕ್ಷರಗಳನ್ನು ಬಂಡೆಗಳು ಕಾಪಾಡಿಕೊಂಡು ಬಂದಿವೆ. ಸಿದ್ದಾಪುರದ ಭತ್ತದ ಗದ್ದೆಗಳಿಗೆ ಎಡದಂಡೆ ಕಾಲುವೆಯ ಮೂಲಕ ನೀರು ಕೊಡುವ, 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟು ಕೂಡ ಸುರ್ಕಿ ಗಾರೆಯಲ್ಲಿ ಕಟ್ಟಿದ ಕಲ್ಲಿನ ಕಟ್ಟಡವೇ. ಸಮಾಧಿ, ಶಾಸನ, ಅನ್ನ, ಮೂರಕ್ಕೂ ಕಲ್ಲೇ ಆಧಾರವಾಯಿತು.

ಆದರೆ ಕಲ್ಲಿನ ಗುಣವರಿತು ಕೆಲಸ ಮಾಡಬೇಕೆಂಬುದನ್ನು ಹಿಂದಿನ ಶಿಲ್ಪಿಗಳು ಚೆನ್ನಾಗಿ ಬಲ್ಲವರಾಗಿದ್ದರು. 1112ರ ಇಟಗಿಯ ಮಹಾದೇವ ದೇವಾಲಯದ ಸೂಕ್ಷ್ಮ ಕುಸುರಿ ಸಾಧ್ಯವಾದುದು ಮೃದುವಾದ ಬಳಪದ ಕಲ್ಲಿನಿಂದ. ಕಣಶಿಲೆ ಅಷ್ಟು ಸುಲಭವಾಗಿ ಚಾಣಕ್ಕೆ ಬಗ್ಗುವುದಿಲ್ಲ. ವಿಜಯನಗರದ ಎರಡನೆಯ ಹರಿಹರನ ಕಾಲದಲ್ಲಿ, 1385ರಲ್ಲಿ, ದಂಡನಾಯಕ ಇರುಗಪ್ಪನು ಹಂಪೆಯಲ್ಲಿ ಕಟ್ಟಿಸಿದ ಗಾಣಗಿತ್ತಿ ಬಸದಿಯನ್ನು ನೋಡಿದವರಿಗೆ ಈ ಮಾತು ತಿಳಿಯುತ್ತದೆ. ಅಲ್ಲಿ ಅಲಂಕಾರ ಕಡಿಮೆ, ಗಾಂಭೀರ್ಯವೇ ಅಲಂಕಾರ. ಆದರೂ ಕಣಶಿಲೆ ಶಿಲ್ಪಿಗೆ ಒಲಿಯದು ಎನ್ನಲಾಗದು. ಶ್ರವಣಬೆಳಗೊಳದ ಗೊಮ್ಮಟಸ್ವಾಮಿಯ ಪ್ರಶಾಂತ ಮುಖವೇ ಅದಕ್ಕೆ ಉತ್ತರ.

ಕೆಂಪು ಕಣಶಿಲೆಯಿಂದ ಒಳಾಂಗಣವನ್ನು ಸಿಂಗರಿಸುವುದೂ ಪುರಾತನ ಪದ್ಧತಿ. ಈಜಿಪ್ಟಿನ ಮಹಾ ಪಿರಮಿಡ್ಡಿನ ಅರಸನ ಕೋಣೆಯನ್ನು ಸುಮಾರು 4,500 ವರ್ಷಗಳ ಹಿಂದೆ ಆಸ್ವಾನದ ಕೆಂಪು ಕಣಶಿಲೆಯಿಂದಲೇ ಕಟ್ಟಿದರು. ನೈಲ್ ನದಿಯ ಮೇಲೆ ನೂರಾರು ಮೈಲಿ ಸಾಗಿಸಿ ತಂದ ಕಲ್ಲದು.

ಇನ್ನು ಮನೆಯ ಮಾತು. ಅಮೃತಶಿಲೆಯೂ ಶಹಾಬಾದಿನ ಫರಸಿಯೂ ಸುಣ್ಣದ ಕುಲದವು. ನಿಂಬೆಯ ರಸ, ಹುಣಸೆಯ ಹುಳಿ, ಮೊಸರು ಬಿದ್ದು ನಿಂತರೆ ಅವುಗಳ ಹೊಳಪು ತಿಂದುಹೋಗುತ್ತದೆ. ಕಣಶಿಲೆಗೆ ಆ ಭಯವಿಲ್ಲ. ಆದುದರಿಂದ ಅಡುಗೆಯ ಕಟ್ಟೆಗೂ, ಪಂಚಾಮೃತ ಅಭಿಷೇಕದ ದ್ರವ ಹರಿಯುವ ನೆಲಕ್ಕೂ ಇದು ಹೇಳಿ ಮಾಡಿಸಿದಂತಹುದು. ಹೊಸ್ತಿಲು, ಮೆಟ್ಟಿಲು, ಪಡಸಾಲೆಗಳು ತಲೆಮಾರುಗಳ ಕಾಲಿನ ಸವೆತವನ್ನು ತಾಳುತ್ತವೆ.

ಗುಣವಿದ್ದಲ್ಲಿ ಮಿತಿಯೂ ಉಂಟು. ನುಣುಪಾಗಿ ಹೊಳಪಿಸಿದ ಕಲ್ಲು ನೀರು ಬಿದ್ದರೆ ಜಾರುತ್ತದೆ. ಬಚ್ಚಲಿಗೂ ಪ್ರದಕ್ಷಿಣೆಯ ಹಾದಿಗೂ ಜ್ವಾಲೆ ಹಾಯಿಸಿ ಒರಟುಗೊಳಿಸಿದ ಕಲ್ಲೇ ಲೇಸು. ವೈಶಾಖದ ಬಿಸಿಲಿನಲ್ಲಿ ತೆರೆದ ಅಂಗಳದ ಕೆಂಪು ಹಾಸು ಬರಿಗಾಲನ್ನು ಸುಡುತ್ತದೆ. ಅಲ್ಲಿ ನೆರಳು ಬೇಕು, ಇಲ್ಲವೇ ತಿಳಿಬಣ್ಣದ ಕಲ್ಲು ಬೇಕು. ಬೆಳಕು ಕಡಿಮೆಯಿರುವ ಕೋಣೆಯಲ್ಲಿ ನೆಲ, ಗೋಡೆ, ಕಂಬ ಎಲ್ಲವೂ ಕೆಂಪಾದರೆ ಕತ್ತಲೆ ಕವಿದಂತಾಗುತ್ತದೆ. ಸುಣ್ಣದ ಬಿಳಿಯ ಗೋಡೆಯ ನಡುವೆ ಕೆಂಪು ನೆಲ, ಅಥವಾ ಬಿಳಿಯ ನೆಲಕ್ಕೆ ಕೆಂಪಿನ ಅಂಚು, ಇಷ್ಟಿದ್ದರೆ ಕಣ್ಣಿಗೆ ಹಿತ. 20 ಮಿಲಿಮೀಟರ್ ದಪ್ಪದ ಹಲಗೆ ಚದರ ಅಡಿಗೆ ಸುಮಾರು 5 ಕಿಲೋ ತೂಗುವುದರಿಂದ ಮಾಳಿಗೆಯ ಮೇಲೆ ಹಾಸುವಾಗ ಇಂಜಿನಿಯರರ ಸಲಹೆ ಅಗತ್ಯ.

ಕೊಳ್ಳುವವರು ಬಣ್ಣಕ್ಕೆ ಮಾತ್ರ ಮರುಳಾಗಬಾರದು. ಕೆಲವು ಕಡೆ ಸಾಧಾರಣ ಕಲ್ಲಿಗೆ ಬಣ್ಣ ಕುಡಿಸಿ ಮಾರುವುದುಂಟು. ಅಸಿಟೋನಿನಲ್ಲಿ ಅದ್ದಿದ ಬಿಳಿಯ ಬಟ್ಟೆಯಿಂದ ಒರೆಸಿದಾಗ ಬಣ್ಣ ಹತ್ತಿದರೆ ಮಾಲು ಸುಳ್ಳೆಂದು ತಿಳಿಯಬೇಕು. ಬೇಕಾದಷ್ಟು ಹಲಗೆಗಳನ್ನು ಒಂದೇ ದಿಮ್ಮಿಯಿಂದ ಕೊಯ್ಯಿಸಿಕೊಂಡರೆ ಬಣ್ಣದಲ್ಲಿ ಹೊಂದಾಣಿಕೆ ಇರುತ್ತದೆ. ಹಾಸಿದ ಮೇಲೆ ತಟ್ಟಿ ನೋಡಿ, ಟೊಳ್ಳು ದನಿ ಬಂದ ಕಡೆ ಗಾರೆ ತುಂಬಿಸಬೇಕು.

ಇಷ್ಟೆಲ್ಲ ಲೆಕ್ಕ ಹಾಕುವ ಯಜಮಾನನು ಸಾಮಾನ್ಯವಾಗಿ ಮರೆಯುವ ಲೆಕ್ಕ ಒಂದಿದೆ. ಕಣಶಿಲೆಯಲ್ಲಿ ಬೆಣಚಿನ ಪಾಲು ಬಹಳ. ಒಣಗಲ್ಲನ್ನು ಕೊರೆಯುವಾಗ, ಕೊಯ್ಯುವಾಗ, ಉಜ್ಜುವಾಗ ಏಳುವ ನವುರಾದ ಧೂಳು ಕಲ್ಲುಕುಟಿಗನ ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ಎಂಬ ರೋಗವನ್ನು ತರುತ್ತದೆ. ಅದನ್ನು ಗುಣಪಡಿಸುವ ಔಷಧವಿಲ್ಲ; ತಡೆಯುವ ಉಪಾಯ ಮಾತ್ರ ಉಂಟು. ನೀರು ಹಾಯಿಸುತ್ತ ಕೊಯ್ದರೆ ಧೂಳು ಬಹುಮಟ್ಟಿಗೆ ಅಡಗುತ್ತದೆ. ಮೂಗಿಗೆ ತಕ್ಕ ಮುಸುಕು, ಕಾಲಕಾಲಕ್ಕೆ ಎದೆಯ ತಪಾಸಣೆ ಬೇಕು. ಮನೆಯಂಗಳದಲ್ಲೇ ಒಣಗಲ್ಲು ಕೊಯ್ಯುತ್ತಿರುವ ಕೂಲಿಯಾಳಿಗೆ ಒಂದು ನಳಿಗೆಯ ನೀರು ಒದಗಿಸುವುದು ಯಜಮಾನನಿಗೆ ದೊಡ್ಡ ಖರ್ಚಲ್ಲ. ಇರುವೆಗೂ ನೋವಾಗದಂತೆ ಹೆಜ್ಜೆಯಿಡಬೇಕೆನ್ನುವ ಧರ್ಮದವರು, ತಾವು ಹೆಜ್ಜೆಯಿಡುವ ನೆಲಕ್ಕಾಗಿ ಇನ್ನೊಬ್ಬನ ಉಸಿರು ತೇಯುವುದನ್ನು ನೋಡಿಕೊಂಡಿರುವುದು ತರವಲ್ಲ.

ಹಾಗೆಯೇ ಗುಡ್ಡದ ಲೆಕ್ಕ. ಗಣಿಯಿಂದ ಒಡೆದ ಕಲ್ಲೆಲ್ಲ ಹಲಗೆಯಾಗುವುದಿಲ್ಲ. ಬಿರುಕು, ಬಣ್ಣದ ದೋಷಗಳಿಂದ ಬಹುಭಾಗ ರಾಶಿಯಾಗಿ ಬೀಳುತ್ತದೆ. ಭತ್ತ ವರ್ಷ ವರ್ಷವೂ ಬೆಳೆಯುತ್ತದೆ, ಗುಡ್ಡ ಮತ್ತೆ ಬೆಳೆಯುವುದಿಲ್ಲ. ಆದುದರಿಂದ ಸಣ್ಣ ತುಂಡುಗಳನ್ನೂ ಅಂಚಿಗೆ, ಕಟ್ಟೆಗೆ, ಪಾಯಕ್ಕೆ ಬಳಸುವ ಜಾಣ್ಮೆ ಬೇಕು. ನೆರೆಯವನು ಹಾಕಿಸಿದನೆಂದು ಹತ್ತೇ ವರ್ಷಕ್ಕೆ ಒಳ್ಳೆಯ ನೆಲ ಕಿತ್ತು ಬೇರೆ ಹಾಸುವ ಚಪಲವನ್ನು ಬಿಡಬೇಕು. ಅಪರಿಗ್ರಹವೆಂಬುದು ತಿಜೋರಿಗೆ ಮಾತ್ರ ಸಂಬಂಧಿಸಿದ ವ್ರತವಲ್ಲ.

ಒಟ್ಟಿನಲ್ಲಿ, ಕೆಂಪು ಕಣಶಿಲೆಯ ಬೆಲೆ ಚದರ ಅಡಿಯ ದರದಿಂದ ಮುಗಿಯುವುದಿಲ್ಲ. ಸವೆತವಿರುವಲ್ಲಿ ಅದನ್ನು ಹಾಕಬೇಕು, ಬರಿಯ ಬೆಡಗಿಗೆ ಹಾಕಬಾರದು. ತೆಗೆದವನ ಆರೋಗ್ಯಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿ ತರಬೇಕು. ತಂದ ಮೇಲೆ ಮೊಮ್ಮಕ್ಕಳವರೆಗೆ ಉಳಿಸಬೇಕು. ಹಾಗೆ ಹಾಸಿದ ನೆಲದ ಮೇಲೆ ಕುಳಿತು ಮಾಡುವ ಊಟಕ್ಕೂ ರುಚಿಯಿದೆ, ಧ್ಯಾನಕ್ಕೂ ಶಾಂತಿಯಿದೆ.