ಏಳು ತಂತಿಯ ಪಿಟೀಲು

ಅರಸೀಕೆರೆಗೆ ಸಮೀಪದ ಹಾರನಹಳ್ಳಿಯಲ್ಲಿ 13ನೆಯ ಶತಮಾನದ ಶಿಲ್ಪಿಗಳು ಕೇಶವನಿಗೊಂದು, ಸೋಮೇಶ್ವರನಿಗೊಂದು ದೇಗುಲವನ್ನು ಕಡೆದಿರಿಸಿದರು. ಹೊಯ್ಸಳ ಶಿಲ್ಪದಲ್ಲಿ ಮದ್ದಳೆ ಬಾರಿಸುವವರುಂಟು, ಕೊಳಲೂದುವ ವೇಣುಗೋಪಾಲನುಂಟು. ಇಂದು ಗಾಯನ ಕಚೇರಿಗೆ ಅನಿವಾರ್ಯವೆನಿಸಿರುವ ಪಿಟೀಲು ಮಾತ್ರ ಇಲ್ಲ. ಸಮುದ್ರವನ್ನು ದಾಟಿ ಬಂದ ಆ ವಾದ್ಯವನ್ನು ಮುತ್ತುಸ್ವಾಮಿ ದೀಕ್ಷಿತರ ಅನುಜರಾದ ಬಾಲುಸ್ವಾಮಿಗಳು ನಮ್ಮ ಸಂಗೀತಕ್ಕೆ ಒಗ್ಗಿಸಿದುದು ಬಹು ಈಚೆಗೆ.

ಅದು ಕನ್ನಡನಾಡಿನಲ್ಲಿ ಒಬ್ಬರ ಹೆಸರಿಗೇ ವಿಶೇಷಣವಾಗಿ ಅಂಟಿಕೊಂಡಿತು. ತಿರುಮಕೂಡಲಿನಲ್ಲಿ ಜನಿಸಿ, ಆ ಸಂಗಮಕ್ಷೇತ್ರದ ನೆನಪಿಗೆ ‘ತ್ರಿಮಕುಟ’ವೆಂಬ ಅಂಕಿತವನ್ನು ತಮ್ಮ ಕೃತಿಗಳಲ್ಲಿ ಇರಿಸಿದ ಪಿಟೀಲು ಚೌಡಯ್ಯನವರು, ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ಗುರುಕುಲವಾಸ ಮಾಡಿ ವಿದ್ಯೆಯನ್ನು ಸಂಪಾದಿಸಿದರು. ಗುರುಗಳು ಗಾಯಕರು! ಶಿಷ್ಯರ ಕಮಾನಿನಲ್ಲಿ ಸಾಹಿತ್ಯದ ಅಕ್ಷರಗಳು ಉಚ್ಚರಿತವಾದಂತೆ ಕೇಳುತ್ತಿದ್ದುದಕ್ಕೆ ಅದೇ ಕಾರಣವಿರಬೇಕೆಂದು ನನ್ನ ಎಣಿಕೆ.

ಧ್ವನಿವರ್ಧಕವಿಲ್ಲದ ಕಾಲ. ಕಂಚಿನ ಕಂಠದ ಗಾಯಕರೂ ಮೃದಂಗವೂ ಒಮ್ಮೆಗೇ ಮೊಳಗುವಾಗ ಪಕ್ಕವಾದ್ಯದ ಸೂಕ್ಷ್ಮ ಸಂಗತಿಗಳು ಹಿಂದಿನ ಸಾಲಿನಲ್ಲಿ ಕುಳಿತವರ ಕಿವಿಗೆ ಎಟುಕದೆ ಹೋಗುತ್ತಿದ್ದುವು. ಆ ಕೊರತೆಯನ್ನು ನೀಗಲೆಂದು ಚೌಡಯ್ಯನವರು 1927ರಲ್ಲಿ ನಾಲ್ಕು ತಂತಿಗಳ ಜೊತೆಗೆ ಇನ್ನು ಮೂರನ್ನು ಜೋಡಿಯಾಗಿ ಬಿಗಿದರು. ಕೇಳುವುದಕ್ಕೆ ಸುಲಭ, ಆದರೆ ಒಂದೇ ಬೆರಳಿನಿಂದ ಜೋಡಿ ತಂತಿಗಳನ್ನು ಒತ್ತಿ, ಎರಡರ ಶ್ರುತಿಯೂ ಕೂದಲೆಳೆಯಷ್ಟೂ ಬೇರೆಯಾಗದಂತೆ ಗಮಕವನ್ನೆಳೆಯುವುದು ಎಂಥ ಕಠಿನ ಸಾಧನೆಯೆಂಬುದನ್ನು ಪಿಟೀಲು ಹಿಡಿದವರೇ ಬಲ್ಲರು.

ಇಷ್ಟು ನಾದಬಲವನ್ನು ಸಂಪಾದಿಸಿಯೂ ಅವರು ಗಾಯಕನ ಪಕ್ಕದ ಸ್ಥಾನವನ್ನು ಕಿರಿದೆಂದು ಬಗೆಯಲಿಲ್ಲ. ಚೆಂಬೈ ವೈದ್ಯನಾಥ ಭಾಗವತರೊಡನೆ ಅವರದು ದೀರ್ಘಕಾಲದ ಮೈತ್ರಿ. 1943ರಲ್ಲಿ ತಾವೇ ಮುಂದಾಗಿ ತೆಗೆದ ‘ವಾಣಿ’ ಚಲನಚಿತ್ರದಲ್ಲಿ ಚೆಂಬೈಯವರನ್ನು ಹಾಡಿಸಿ, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗದೊಡನೆ ತಾವು ಪಿಟೀಲು ಹಿಡಿದು ಕುಳಿತರು. ಸ್ವಂತ ಚಿತ್ರದಲ್ಲಿಯೂ ಪಕ್ಕವಾದ್ಯವೇ! ಮೈಸೂರಿನ ಆಸ್ಥಾನ ವಿದ್ವತ್ತು, 1957ರಲ್ಲಿ ಮದರಾಸಿನ ಸಂಗೀತ ಕಲಾನಿಧಿ ಬಿರುದು ಇವೆಲ್ಲ ಅವರಿಗೆ ಸಂದುವು. 1967ರಲ್ಲಿ ಅವರು ಕಾಲವಾದ ಬಳಿಕ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ಸ್ಮಾರಕಭವನವೊಂದು ಎದ್ದಿತು.

ಆ ಏಳು ತಂತಿಯ ಪರಂಪರೆಯನ್ನು ನಮ್ಮ ಹಾಸನ ಜಿಲ್ಲೆಯೂ ಕಾಪಾಡಿತು, ರುದ್ರಪಟ್ಟಣದ ಆರ್. ಆರ್. ಕೇಶವಮೂರ್ತಿಗಳು ಅದನ್ನೇ ನುಡಿಸಿ, ಬೆಂಗಳೂರಿನಲ್ಲಿ ಅನೇಕ ಶಿಷ್ಯರನ್ನು ಸಿದ್ಧಗೊಳಿಸಿದರು. ಧ್ವನಿವರ್ಧಕ ಎದುರಿಗಿರುವಾಗ ನಾಲ್ಕು ತಂತಿಗಳೇ ಸಾಕೆನ್ನುವ ವಾದವೇನೋ ಯುಕ್ತವಾದುದೇ. ಆದರೆ ಚೌಡಯ್ಯನವರ ಹಳೆಯ ಧ್ವನಿಮುದ್ರಿಕೆಗಳನ್ನು ಕೇಳಿದವರು ಒಪ್ಪುವರು: ಆ ನಾದ ಗಟ್ಟಿಯಾಗಿತ್ತು ಮಾತ್ರವಲ್ಲ, ತುಂಬಿಯೂ ಇದ್ದಿತು.